ಪರದೆಯೆಲ್ಲ ಹಸಿರು, ಬ್ಯಾಕಪ್ ಮಾತ್ರ ನಿಂತಿದೆ: ಮನೆಗೆ ನಿಗಾ ತಂತ್ರಾಂಶವನ್ನು ಆರಿಸಿಕೊಳ್ಳುವ ಬಗೆ

[ದೃಶ್ಯ: ಡ್ಯಾಶ್‌ಬೋರ್ಡ್ ಒಂದರ ಚಿತ್ರ. ಎಲ್ಲ ಚೌಕಗಳೂ ಹಸಿರು.]

ನಮಸ್ಕಾರ. ಈ ಪರದೆಯನ್ನು ಒಂದು ಕ್ಷಣ ಗಮನಿಸಿ. ಪ್ರೊಸೆಸರ್ ಶೇಕಡಾ 6ರಷ್ಟು ಮಾತ್ರ ಬಳಕೆಯಲ್ಲಿದೆ, ತಾಪಮಾನ 44 ಡಿಗ್ರಿಯಲ್ಲಿದೆ, ಮೆಮೊರಿ ಅರ್ಧಕ್ಕಿಂತ ಹೆಚ್ಚು ಖಾಲಿಯಿದೆ, ಯಂತ್ರ ತಿಂಗಳಿಂದ ಒಮ್ಮೆಯೂ ನಿಂತಿಲ್ಲ. ಇದು ನನ್ನ ಮನೆಯ ಪುಟ್ಟ ಸರ್ವರಿನ ಚಿತ್ರ. ಇದನ್ನು ಸೆರೆಹಿಡಿದ ದಿನಕ್ಕೆ ಆ ಸರ್ವರಿನ ಬ್ಯಾಕಪ್ ನಿಂತುಹೋಗಿ 71 ದಿನಗಳಾಗಿದ್ದವು. ಹೊರಗಿನ ಡಿಸ್ಕಿನ ಕೇಬಲ್ ಸಡಿಲವಾಗಿತ್ತು. ಬ್ಯಾಕಪ್ ಸ್ಕ್ರಿಪ್ಟ್ ಪ್ರತಿ ರಾತ್ರಿ ಎದ್ದು, ಡಿಸ್ಕ್ ಕಾಣದೆ, ಯಾರೂ ಓದದ ಲಾಗ್ ಕಡತದಲ್ಲಿ ಒಂದು ಸಾಲು ಬರೆದು ಮಲಗುತ್ತಿತ್ತು. ಅಳಿಸಿಹೋದ ಫೋಟೋಗಳ ಫೋಲ್ಡರ್ ಒಂದನ್ನು ಮರಳಿ ಪಡೆಯಲು ಹೋದಾಗಲೇ ನನಗೆ ವಿಷಯ ತಿಳಿಯಿತು, ಮತ್ತು ಆ ಫೋಲ್ಡರಿನ ಅರ್ಧದಷ್ಟು ಚಿತ್ರಗಳು ಶಾಶ್ವತವಾಗಿ ಹೋದವು.

ಡ್ಯಾಶ್‌ಬೋರ್ಡ್ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ್ದಕ್ಕೆಲ್ಲ ಅದು ಸರಿಯಾಗಿಯೇ ಉತ್ತರ ಕೊಟ್ಟಿತ್ತು. ಕೇಳಬೇಕಾದದ್ದನ್ನು ನಾನು ಕೇಳಿರಲಿಲ್ಲ. ಅಂದಿನಿಂದ, ಮನೆಯ ಸಾಧನಗಳ ಮೇಲೆ ಕಣ್ಣಿಟ್ಟು ಕೆಟ್ಟದ್ದನ್ನು ತಿಳಿಸಲು ಯಾವ ನಿಗಾ ತಂತ್ರಾಂಶ ಒಳ್ಳೆಯದು ಎಂದು ಯಾರು ಕೇಳಿದರೂ ನಾನು ಮೊದಲು ಮೂರು ಮರುಪ್ರಶ್ನೆಗಳನ್ನು ಇಡುತ್ತೇನೆ. ನಿಮ್ಮ ಮನೆಯಲ್ಲಿ ಏನು ಕೆಟ್ಟರೆ ನಿಮಗೆ ನಿಜವಾಗಿಯೂ ನಷ್ಟ? ಅದು ಎಷ್ಟು ಹೊತ್ತಿನೊಳಗೆ ತಿಳಿಯಬೇಕು? ತಿಳಿದ ಮೇಲೆ ನೀವು ಏನು ಮಾಡುತ್ತೀರಿ? ಮೂರನೆಯದಕ್ಕೆ ಉತ್ತರವಿಲ್ಲದ ಸಂಗತಿಗೆ ಎಚ್ಚರಿಕೆಯ ಸಂದೇಶವೂ ಬೇಕಿಲ್ಲ. ಅದು ಗ್ರಾಫಿನಲ್ಲಿ ಇದ್ದರೆ ಸಾಕು.

[ದೃಶ್ಯ: ಕಾಗದದ ಹಾಳೆ, ಕೈಬರಹದ ಮೂರು ಕಾಲಂ.]

ಒಂದು ಹಾಳೆಯಲ್ಲಿ ಇದನ್ನು ಬರೆದು ನೋಡಿದರೆ ಅಚ್ಚರಿಯಾಗುತ್ತದೆ. ನೀರು ಸೋರಿಕೆಯ ಸೆನ್ಸರ್ ನಿಮಿಷದೊಳಗೆ ಕೂಗಬೇಕು. ರೂಟರ್ ನಿಂತರೆ 5 ನಿಮಿಷ ಕಾಯಬಹುದು. ಡಿಸ್ಕ್ ಹಾಳಾಗುವ ಸೂಚನೆ ಒಂದು ದಿನದೊಳಗೆ ಸಿಕ್ಕರೆ ಸಾಕು. ಬ್ಯಾಕಪ್ ತಪ್ಪಿದ್ದು ಮರುದಿನ ಬೆಳಿಗ್ಗೆ ತಿಳಿದರೆ ಸಾಕು. ಪ್ರೊಸೆಸರ್ ಬಳಕೆ, ಅಂದರೆ ಎಲ್ಲ ಡ್ಯಾಶ್‌ಬೋರ್ಡುಗಳೂ ದೊಡ್ಡದಾಗಿ ತೋರಿಸುವ ಸಂಖ್ಯೆ, ಹೆಚ್ಚಿನ ಮನೆಗಳ ಪಟ್ಟಿಯಲ್ಲಿ ಬರುವುದೇ ಇಲ್ಲ.

ಈಗ ತಪಾಸಣೆಯ ಬಗೆಗಳಿಗೆ ಬರೋಣ. ಎಲ್ಲಕ್ಕಿಂತ ಸರಳವಾದುದು ಪಿಂಗ್. ಮೈಕ್ ಮೂಸ್ ಎಂಬ ಪ್ರೋಗ್ರಾಮರ್ 1983ರ ಡಿಸೆಂಬರಿನಲ್ಲಿ ಬರೆದ ಈ ಪುಟ್ಟ ಪ್ರೋಗ್ರಾಂ ದೂರದ ಯಂತ್ರಕ್ಕೆ ಒಂದು ಪ್ಯಾಕೆಟ್ ಕಳುಹಿಸಿ ಮಾರುತ್ತರಕ್ಕೆ ಕಾಯುತ್ತದೆ. ಉತ್ತರ ಬಂದರೆ ಯಂತ್ರ ನೆಟ್‌ವರ್ಕಿನಲ್ಲಿದೆ ಎಂದಷ್ಟೇ ಅರ್ಥ. ಮೆಮೊರಿ ಕಾರ್ಡ್ ಕೆಟ್ಟು ರೆಕಾರ್ಡಿಂಗ್ ನಿಂತಿರುವ ಕ್ಯಾಮೆರಾ ಕೂಡ ಪಿಂಗ್‌ಗೆ ನಿಷ್ಠೆಯಿಂದ ಉತ್ತರಿಸುತ್ತಲೇ ಇರುತ್ತದೆ. ಆದ್ದರಿಂದ ಸಾಧ್ಯವಿರುವಲ್ಲೆಲ್ಲ ಸಾಧನದ ಇರುವಿಕೆಯನ್ನಲ್ಲ, ಅದು ಮಾಡಬೇಕಾದ ಕೆಲಸವನ್ನು ಪರೀಕ್ಷಿಸಬೇಕು: ವೆಬ್ ಪುಟ ತೆರೆಯುತ್ತಿದೆಯೇ, ಜಾಲತಾಣದ ಹೆಸರನ್ನು ಅಂಕಿಗಳ ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ಕೆಲಸ ಮಾಡುತ್ತಿದೆಯೇ, ಕೊನೆಯ ವೀಡಿಯೊ ಕಡತ ಎಷ್ಟು ಹಳೆಯದು.

ಎರಡನೆಯದು ಯಂತ್ರದ ಒಳಗೆ ಏಜೆಂಟ್ ಎಂಬ ಸಣ್ಣ ಪ್ರೋಗ್ರಾಂ ಕೂರಿಸಿ ಅಂಕಿಗಳನ್ನು ಪಡೆಯುವ ವಿಧಾನ. ಇಲ್ಲಿ ನಾನು ಅತ್ಯಂತ ಬೆಲೆ ಕೊಡುವುದು ಡಿಸ್ಕ್ ತನ್ನ ಬಗ್ಗೆ ತಾನೇ ಇಡುವ ಆರೋಗ್ಯದ ದಾಖಲೆಗೆ. ಅದರ ಹೆಸರೂ ಸ್ಮಾರ್ಟ್ ಎಂದೇ, ಆದರೆ ಸ್ಮಾರ್ಟ್ ಬಲ್ಬಿಗೂ ಅದಕ್ಕೂ ಸಂಬಂಧವಿಲ್ಲ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ 5, 197 ಮತ್ತು 198 ಎಂಬ ಮೂರು ಸಾಲುಗಳನ್ನು ನೋಡಿ. 5ನೆಯದು ಕೆಟ್ಟು ಬದಲಿ ಜಾಗಕ್ಕೆ ಸರಿಸಲಾದ ಸೆಕ್ಟರುಗಳ, ಅಂದರೆ ಡಿಸ್ಕಿನ ಪುಟ್ಟ ತುಂಡುಗಳ ಎಣಿಕೆ, 197 ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳದು, 198 ಸರಿಪಡಿಸಲಾಗದೆಂದು ಗುರುತಾದವುಗಳದು. ಈ ಮೂರೂ ಸೊನ್ನೆಯಾಗಿದ್ದರೆ ನೆಮ್ಮದಿ. ಯಾವುದಾದರೂ ವಾರದಿಂದ ವಾರಕ್ಕೆ ಏರುತ್ತಿದ್ದರೆ ಹೊಸ ಡಿಸ್ಕಿಗೆ ಏರ್ಪಾಡು ಮಾಡಿಕೊಳ್ಳಿ. ಇವು ಸೊನ್ನೆಯಲ್ಲಿರುವಾಗಲೇ ಡಿಸ್ಕ್ ದಿಢೀರನೆ ನಿಲ್ಲುವುದೂ ಉಂಟು, ಹಾಗಾಗಿ ಈ ದಾಖಲೆ ಬ್ಯಾಕಪ್ಪಿಗೆ ಬದಲಿಯಲ್ಲ. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಗಳ ಪೈಕಿ ಎನ್‌ವಿಎಂಇ ಎಂಬ ಮಾದರಿಯವುಗಳಲ್ಲಿ ಈ ಸಾಲುಗಳ ಜಾಗದಲ್ಲಿ ಸವೆತದ ಶೇಕಡಾವಾರು ಮತ್ತು ಉಳಿದಿರುವ ಬದಲಿ ಜಾಗದ ಅಂಕಿ ಸಿಗುತ್ತವೆ. ನೀವು ಆರಿಸುವ ತಂತ್ರಾಂಶ ಈ ದಾಖಲೆಯನ್ನು ಓದಬಲ್ಲದೇ ಎಂಬುದನ್ನು ಅದರ ಬಣ್ಣ ಬೆಡಗಿಗಿಂತ ಮೊದಲು ವಿಚಾರಿಸಿ.

ಮೂರನೆಯದು ನನ್ನ ಫೋಟೋಗಳನ್ನು ಉಳಿಸಬಹುದಾಗಿದ್ದ ವಿಧಾನ, ಮೌನವನ್ನು ಕೇಳಿಸಿಕೊಳ್ಳುವುದು. ಸ್ಕ್ರಿಪ್ಟ್ ಕೆಟ್ಟಾಗ ಅದು ತಾನೇ ದೂರು ಕೊಡಲಿ ಎಂದು ನಿರೀಕ್ಷಿಸುವುದು ದುರ್ಬಲ ವ್ಯವಸ್ಥೆ, ಏಕೆಂದರೆ ಆರಂಭವೇ ಆಗದ ಸ್ಕ್ರಿಪ್ಟ್ ಯಾವ ದೂರನ್ನೂ ಕೊಡಲಾರದು. ಅದರ ಬದಲು ಕೆಲಸ ಯಶಸ್ವಿಯಾಗಿ ಮುಗಿದಾಗಲೆಲ್ಲ ಸ್ಕ್ರಿಪ್ಟಿನ ಕೊನೆಯ ಸಾಲು ಒಂದು ವೆಬ್ ವಿಳಾಸವನ್ನು ತಟ್ಟುವಂತೆ ಮಾಡಿ. 26 ಗಂಟೆಗಳಲ್ಲಿ ಆ ತಟ್ಟುವಿಕೆ ಬಾರದಿದ್ದರೆ ನಿಗಾ ತಂತ್ರಾಂಶವೇ ನಿಮ್ಮನ್ನು ಎಬ್ಬಿಸುತ್ತದೆ. ಕರೆಂಟ್ ಹೋಗಲಿ, ಡಿಸ್ಕ್ ತುಂಬಲಿ, ಕೇಬಲ್ ಸಡಿಲವಾಗಲಿ, ಕಾರಣ ಯಾವುದಾದರೂ ಫಲ ಒಂದೇ, ಮೌನ.

[ದೃಶ್ಯ: ಬಾಗಿಲಿನ ಸೆನ್ಸರ್, ಅದರ ಪಕ್ಕದಲ್ಲಿ ನಾಣ್ಯದಾಕಾರದ ಬ್ಯಾಟರಿ.]

ಸ್ಮಾರ್ಟ್ ಸಾಧನಗಳ ಕಥೆ ಬೇರೆ. ಬಲ್ಬಿನೊಳಗೆ ಏಜೆಂಟ್ ಕೂರಿಸಲಾಗದು. ಜಿಗ್‌ಬೀ ಅಥವಾ ಝಡ್-ವೇವ್ ಎಂಬ, ವೈಫೈ ಅಲ್ಲದ ರೇಡಿಯೊ ವಿಧಾನಗಳ ಸೆನ್ಸರಿಗೆ ಸ್ವಂತ ಐಪಿ ವಿಳಾಸವೇ (ನೆಟ್‌ವರ್ಕಿನ ವಿಳಾಸ) ಇರುವುದಿಲ್ಲ, ಆದ್ದರಿಂದ ಅದನ್ನು ಪಿಂಗ್ ಮಾಡುವ ಮಾತೇ ಇಲ್ಲ. ಅದರ ಯೋಗಕ್ಷೇಮವನ್ನು ಅದರೊಡನೆ ಮಾತನಾಡುವ ಕೇಂದ್ರ ಸಾಧನವಾದ ಹಬ್ ಮೂಲಕವೇ ಕೇಳಬೇಕು. ಸಾಧನಗಳು ಸಂದೇಶ ಹಂಚಿಕೊಳ್ಳುವ ಎಂಕ್ಯೂಟಿಟಿ ಎಂಬ ವಿಧಾನವನ್ನು ಬಳಸುವವಕ್ಕೆ ಒಂದು ಸೊಗಸಾದ ಅನುಕೂಲವಿದೆ: ಸಂಪರ್ಕ ಪಡೆಯುವಾಗಲೇ ಸಾಧನ ತನ್ನ ಉಯಿಲನ್ನು, ಅಂದರೆ ಕೊನೆಯ ಸಂದೇಶವನ್ನು, ಸಂದೇಶಗಳನ್ನು ಹಂಚುವ ಬ್ರೋಕರ್ ಬಳಿ ಇಟ್ಟಿರಬಹುದು, ಮತ್ತು ಒಪ್ಪಿಕೊಂಡ ಅವಧಿಯ ಒಂದೂವರೆ ಪಟ್ಟು ಕಾಲ ಅದರಿಂದ ಸದ್ದಿಲ್ಲದಿದ್ದರೆ ಬ್ರೋಕರ್ ಸಂಪರ್ಕ ಕಡಿದು ಆ ಉಯಿಲನ್ನು ಎಲ್ಲರಿಗೂ ಓದಿ ಹೇಳುತ್ತದೆ. ಬ್ಯಾಟರಿಯ ಶೇಕಡಾವಾರನ್ನು ಮಾತ್ರ ನಾನು ಪೂರ್ತಿ ನಂಬುವುದಿಲ್ಲ. ಸತ್ತ ಸೆನ್ಸರಿನ ಕೊನೆಯ ಓದು 100 ಎಂದಿದ್ದರೆ ಪರದೆಯ ಮೇಲೆ 100 ಎಂದೇ ನಿಂತಿರುತ್ತದೆ. ಕೊನೆಯ ಬಾರಿ ಕಂಡ ಸಮಯವೇ ನಂಬಲರ್ಹ ಅಂಕಿ.

ಮೊಬೈಲ್ ಫೋನುಗಳನ್ನು ಪಟ್ಟಿಗೆ ಸೇರಿಸಬೇಡಿ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದೀಚೆಗೆ ಫೋನುಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ವಿಳಾಸದ (ಸಾಧನವನ್ನು ಗುರುತಿಸುವ ಸಂಖ್ಯೆಯ) ಬದಲು ಕೃತಕ ವಿಳಾಸ ಕೊಡುತ್ತವೆ, ಬ್ಯಾಟರಿ ಉಳಿಸಲು ಆಗಾಗ ನಿದ್ದೆಗೂ ಜಾರುತ್ತವೆ. ಮುಚ್ಚಳ ಮುಚ್ಚಿದ ಲ್ಯಾಪ್‌ಟಾಪ್ ಕೂಡ ಹಾಗೆಯೇ. ಇವಕ್ಕೆಲ್ಲ ಎಚ್ಚರಿಕೆ ಕೂರಿಸಿದರೆ ತೋಳ ಬಂತು ತೋಳ ಎಂಬ ಕಥೆಯಾಗಿ, ನಿಜವಾದ ಸಂದೇಶ ಬಂದ ದಿನ ಅದನ್ನು ಓದದೆ ಸರಿಸಿಬಿಡುತ್ತೀರಿ.

ಈ ಹಿನ್ನೆಲೆಯಲ್ಲಿ ತಂತ್ರಾಂಶಗಳನ್ನು ನೋಡೋಣ. ನಾನು ಹೆಸರಿಸುವ ಇವೆಲ್ಲವೂ ಮುಕ್ತ ತಂತ್ರಾಂಶಗಳು, ನೆಟ್‌ಡೇಟಾದ ಡ್ಯಾಶ್‌ಬೋರ್ಡ್ ಭಾಗವೊಂದನ್ನು ಬಿಟ್ಟು. ಹೆಚ್ಚಿನ ಮನೆಗಳಿಗೆ ನನ್ನ ಮೊದಲ ಸಲಹೆ ಅಪ್‌ಟೈಮ್ ಕುಮಾ. ಪಿಂಗ್, ವೆಬ್ ಪುಟ, ಡಿಎನ್‌ಎಸ್, ಜಾಲತಾಣದ ಭದ್ರತಾ ಪ್ರಮಾಣಪತ್ರದ ಅವಧಿ ಇವನ್ನು ಅದು ಪರೀಕ್ಷಿಸುತ್ತದೆ, ಮತ್ತು ಪುಶ್ ಎಂಬ ಬಗೆಯ ಮೂಲಕ ನಾನು ಹೇಳಿದ ಮೌನವನ್ನೂ ಗಮನಿಸುತ್ತದೆ. ಅದು ಯಂತ್ರದ ಒಳಗಿನ ಅಂಕಿಗಳನ್ನು ತಾನಾಗಿ ಸಂಗ್ರಹಿಸುವುದಿಲ್ಲ; ಮನೆಯ ಮಟ್ಟಿಗೆ ಇದು ದೊಡ್ಡ ಕೊರತೆಯಲ್ಲ, ಏಕೆಂದರೆ ಡಿಸ್ಕಿನ ಆರೋಗ್ಯ ನೋಡುವ ಸ್ಕ್ರಿಪ್ಟ್ ಕೂಡ ಅದೇ ಪುಶ್ ವಿಳಾಸವನ್ನು ತಟ್ಟಬಹುದು. ಸ್ಮಾರ್ಟ್ ಸಾಧನಗಳನ್ನು ಒಂದೇ ಕಡೆಯಿಂದ ನಡೆಸುವ ಹೋಂ ಅಸಿಸ್ಟೆಂಟ್ ಮನೆಯಲ್ಲಿ ಈಗಾಗಲೇ ಇದ್ದರೆ ಸೆನ್ಸರುಗಳ ಮಟ್ಟಿಗೆ ಬೇರೆ ತಂತ್ರಾಂಶವನ್ನು ಹುಡುಕಬೇಡಿ. ವಿವರವಾದ ದಾಖಲೆಯನ್ನು ಅದು ಸಾಮಾನ್ಯವಾಗಿ 10 ದಿನ ಮಾತ್ರ ಇಟ್ಟುಕೊಳ್ಳುತ್ತದೆ ಎಂಬುದು ನೆನಪಿರಲಿ.

ನೆಟ್‌ಡೇಟಾ ಸ್ಥಾಪಿಸಿದ ಕೂಡಲೇ ಪ್ರತಿ ಸೆಕೆಂಡಿನ ಅಂಕಿಗಳನ್ನು ನೂರಾರು ಗ್ರಾಫುಗಳಲ್ಲಿ ತೋರಿಸುತ್ತದೆ. ಕಂಪ್ಯೂಟರ್ ಏಕೆ ನಿಧಾನವಾಯಿತು ಎಂದು ಹುಡುಕುವ ದಿನ ಅದು ಬಲು ಉಪಯುಕ್ತ. ಸೌಂಡ್‌ಕ್ಲೌಡ್ ಸಂಸ್ಥೆಯಲ್ಲಿ 2012ರಲ್ಲಿ ಆರಂಭವಾದ, ಅಂಕಿಗಳನ್ನು ಸಂಗ್ರಹಿಸುವ ಪ್ರೊಮೀಥಿಯಸ್ ಮತ್ತು ಅವನ್ನು ಗ್ರಾಫುಗಳಾಗಿ ತೋರಿಸುವ ಅದರ ಜೊತೆಗಾರ ಗ್ರಫಾನಾ ಕಲಿಯುವ ಮನಸ್ಸಿರುವವರಿಗೆ. ಇದೇ ವೇಗದಲ್ಲಿ ತುಂಬಿದರೆ ಡಿಸ್ಕ್ ಯಾವಾಗ ಭರ್ತಿಯಾಗುತ್ತದೆ ಎಂದು ಅಂದಾಜಿಸಿ ಮೊದಲೇ ಎಚ್ಚರಿಸುವ ಪ್ರೊಮೀಥಿಯಸ್‌ನ ಸಾಮರ್ಥ್ಯ ನನಗೆ ತುಂಬ ಹಿಡಿಸಿದೆ, ಆದರೆ ಎಚ್ಚರಿಕೆ ಕಳುಹಿಸಲು ಮತ್ತೊಂದು ಘಟಕವನ್ನು ಜೋಡಿಸಬೇಕು, ಮತ್ತು ದಾಖಲೆ ತಾನಾಗಿ ಉಳಿಯುವುದು 15 ದಿನ. 2001ರಿಂದ ಬಳಕೆಯಲ್ಲಿರುವ ಜ್ಯಾಬಿಕ್ಸ್ ಹತ್ತಾರು ಯಂತ್ರಗಳಿರುವ ಕಡೆಗೆ ಹೇಳಿ ಮಾಡಿಸಿದಂತಿದೆ. ರೂಟರ್ ನಿಂತಾಗ ಅದರ ಹಿಂದಿನ 20 ಸಾಧನಗಳ ಬಗ್ಗೆ 20 ಸಂದೇಶ ಕಳುಹಿಸದೆ ಮೂಲ ಕಾರಣವೊಂದನ್ನೇ ಹೇಳುವಂತೆ ಅವಲಂಬನೆಗಳನ್ನು ಬರೆಯಬಹುದು. ಐದು ಸಾಧನಗಳ ಮನೆಗೆ ಅದರ ನಿರ್ವಹಣೆಯೇ ಒಂದು ಹೊರೆ.

ಯಾವುದನ್ನೇ ಆರಿಸಿದರೂ ಎಲ್ಲಿ ಕೂರಿಸುತ್ತೀರಿ ಎಂಬುದು ಮುಖ್ಯ. ಕಾಯುವವನನ್ನು ಕಾಯಬೇಕಾದ ಯಂತ್ರದೊಳಗೇ ಇರಿಸಿದರೆ ಇಬ್ಬರೂ ಒಟ್ಟಿಗೆ ಬೀಳುತ್ತಾರೆ. ಬೇರೆ ಸಣ್ಣ ಬೋರ್ಡ್ ಕಂಪ್ಯೂಟರಿನಲ್ಲಿ ಇರಿಸಿ. ಡೇಟಾಬೇಸಿನ ಸತತ ಬರವಣಿಗೆ ಮೆಮೊರಿ ಕಾರ್ಡನ್ನು ಸವೆಸುವುದರಿಂದ ಅದಕ್ಕೊಂದು ಎಸ್‌ಎಸ್‌ಡಿ ಜೋಡಿಸಿ. ಮನೆಯ ಇಂಟರ್ನೆಟ್ಟೇ ಹೋದರೆ ಸಂದೇಶವೂ ಹೊರಗೆ ಹೋಗದು, ಆದ್ದರಿಂದ ನಿಗಾ ತಂತ್ರಾಂಶವೇ ಹೊರಗಿನ ಹೆಲ್ತ್‌ಚೆಕ್ಸ್‌ನಂಥ ಸೇವೆಯೊಂದನ್ನು 5 ನಿಮಿಷಕ್ಕೊಮ್ಮೆ ತಟ್ಟುತ್ತಿರಲಿ. ತಟ್ಟುವುದು ನಿಂತರೆ ಆ ಸೇವೆ ನಿಮಗೆ ತಿಳಿಸುತ್ತದೆ.

ಭದ್ರತೆಯ ಮಾತನ್ನೂ ಹೇಳಲೇಬೇಕು. ಪ್ರೊಮೀಥಿಯಸ್ ಸ್ಥಾಪಿಸಿದಾಗ ಅದಕ್ಕೆ ತಾನಾಗಿ ಪಾಸ್‌ವರ್ಡ್ ಇರುವುದಿಲ್ಲ. ರೂಟರಿನಂಥ ಸಾಧನಗಳಿಂದ ಅಂಕಿಗಳನ್ನು ಕೇಳಿ ಪಡೆಯುವ ಎಸ್‌ಎನ್‌ಎಂಪಿ ಎಂಬ ವಿಧಾನದ ಮೊದಲೆರಡು ಆವೃತ್ತಿಗಳಲ್ಲಿ ಗುಪ್ತಪದ ತೆರೆದ ಅಕ್ಷರಗಳಲ್ಲೇ ಸಾಗುತ್ತದೆ, ಆದ್ದರಿಂದ ಮೂರನೆಯ ಆವೃತ್ತಿಯನ್ನೇ ಬಳಸಿ. ಡ್ಯಾಶ್‌ಬೋರ್ಡನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಟ್ಟರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ, ನಿಮ್ಮ ಮನೆಯ ಸಮಸ್ತ ಸಾಧನಗಳ ಪಟ್ಟಿ ಅಪರಿಚಿತರ ಕೈ ಸೇರುತ್ತದೆ. ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ಗಂಭೀರ. ಬಾಗಿಲಿನ ಸೆನ್ಸರಿನ ದಾಖಲೆ ಎಂದರೆ ಮನೆಯಲ್ಲಿರುವವರು ಎಷ್ಟು ಹೊತ್ತಿಗೆ ಬಂದರು, ಹೋದರು ಎಂಬ ದಾಖಲೆಯೂ ಹೌದು. ಏನನ್ನು ಬರೆದಿಡಲಾಗುತ್ತಿದೆ, ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಮನೆಯವರೆಲ್ಲರಿಗೂ ಮೊದಲೇ ತಿಳಿಸಿ, ಅವರು ಬೇಡವೆಂದದ್ದನ್ನು ತೆಗೆದುಹಾಕಿ.

[ದೃಶ್ಯ: ಕೈಯೊಂದು ರೂಟರಿನ ಕೇಬಲ್ ಎಳೆಯುತ್ತದೆ. ಪಕ್ಕದಲ್ಲಿ ಗಡಿಯಾರ.]

ಸ್ಥಾಪನೆಯಾದ ದಿನವೇ ಒಂದೊಂದನ್ನೂ ಬೇಕೆಂದೇ ಕೆಡಿಸಿ, ಸಂದೇಶ ಬರಲು ಎಷ್ಟು ಹೊತ್ತಾಯಿತೆಂದು ಬರೆದುಕೊಳ್ಳಿ. ನಾನು ಸರ್ವರಿನ ಕೇಬಲ್ ಎಳೆದಾಗ ಮೂರು ಪಿಂಗ್ ಸತತವಾಗಿ ತಪ್ಪಿ, 4 ನಿಮಿಷದೊಳಗೆ ಫೋನ್ ಸದ್ದು ಮಾಡಿತು. ಬ್ಯಾಕಪ್ ಡಿಸ್ಕನ್ನು ಕಳಚಿಟ್ಟಾಗ ಮರುದಿನ ಬೆಳಿಗ್ಗೆ ಸಂದೇಶ ಬಂತು. ನೀರು ಸೋರಿಕೆಯ ಸೆನ್ಸರಿನ ಬ್ಯಾಟರಿ ತೆಗೆದಾಗ ಮಾತ್ರ ರಾತ್ರಿಯಾಯಿತು, ಬೆಳಗಾಯಿತು, ಏನೂ ಬರಲಿಲ್ಲ. ಹುಡುಕಿ ನೋಡಿದರೆ, ಜಿಗ್‌ಬೀ ಸಾಧನಗಳ ಮಾತನ್ನು ಎಂಕ್ಯೂಟಿಟಿಗೆ ತಲುಪಿಸಲು ನಾನು ಬಳಸುವ ಜಿಗ್‌ಬೀ2ಎಂಕ್ಯೂಟಿಟಿ ತಂತ್ರಾಂಶವು ಬ್ಯಾಟರಿ ಸಾಧನವೊಂದನ್ನು ಕಾಣೆಯಾಗಿದೆ ಎಂದು ಘೋಷಿಸುವ ಮೊದಲು 1500 ನಿಮಿಷ, ಅಂದರೆ 25 ಗಂಟೆ ಕಾಯುತ್ತದೆ. ನನ್ನ ಸೆನ್ಸರ್ ಗಂಟೆಗೊಮ್ಮೆಯಾದರೂ ವರದಿ ಕೊಡುತ್ತಿತ್ತಾದ್ದರಿಂದ ಆ ಅವಧಿಯನ್ನು 180 ನಿಮಿಷಕ್ಕೆ ಇಳಿಸಿ, ಬ್ಯಾಟರಿಯನ್ನು ಮತ್ತೊಮ್ಮೆ ತೆಗೆದೆ. ಈ ಸಲ ಮೂರು ಗಂಟೆ ತುಂಬುತ್ತಿದ್ದಂತೆ ಸಂದೇಶ ಬಂತು.