ತಿರುಗಬೇಕಾದ್ದು ಲೆನ್ಸು, ನೀವಲ್ಲ

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಜಗಳ ಮುಗಿಸಿಬಿಡುತ್ತೇನೆ. ಹೊರಗೆ ಗೋಡೆಗೆ ಹಾಕಿದ್ದೀರಲ್ಲ, ವಿಧಾನಸೌಧದ ಪನೋರಮಾಗಳು, ಹಲವು ಫೋಟೋ ಪಕ್ಕಪಕ್ಕ ಜೋಡಿಸಿದ ಅಗಲ ಚಿತ್ರಗಳು? ಎಲ್ಲದರಲ್ಲೂ ಕಟ್ಟಡಕ್ಕೆ ಹೊಟ್ಟೆ ಬಂದಿದೆ! ಕೆಂಗಲ್ ಹನುಮಂತಯ್ಯನವರು ನೆಟ್ಟಗೇ ಕಟ್ಟಿಸಿದ್ದರು. ಸುಮಾರು 700 ಅಡಿ ಉದ್ದ, 1956ರಿಂದ ನೆಟ್ಟಗೇ ನಿಂತಿದೆ. ಬಗ್ಗಿಸಿದವರು ನಾವು.

ಫೋನು ತಾನೇ ಜೋಡಿಸುತ್ತಲ್ಲ ಅಂತೀರಿ. ಜೋಡಿಸುತ್ತೆ. ಚಿತ್ರವನ್ನು ಒಂದು ಡಬ್ಬದ ಒಳಮೈಗೆ ಸುತ್ತಿ, ಆಮೇಲೆ ಬಿಚ್ಚಿ ಹಾಸಿದ ಹಾಗೆ. ಕಂಬಗಳು ನೆಟ್ಟಗಿರುತ್ತವೆ, ಸೂರಿನ ಅಂಚು ಬಿಲ್ಲಾಗುತ್ತದೆ. ಹಗಿನ್ ಅಂತ ಒಂದು ಸಾಫ್ಟ್‌ವೇರ್ ಇದೆ, ದುಡ್ಡು ಕೊಡಬೇಕಿಲ್ಲ. ಅದರಲ್ಲಿ ರೆಕ್ಟಿಲಿನಿಯರ್, ಅಂದರೆ ನೆಟ್ಟಗಿನ ಗೆರೆಯನ್ನು ನೆಟ್ಟಗೇ ಇಡುವ ವಿಧಾನ, ಆರಿಸಿದರೆ ಅಡ್ಡ ಗೆರೆಯೂ ನೆಟ್ಟಗಾಗುತ್ತದೆ. ಆದರೆ ನೋಟದ ಅಗಲ 100 ಡಿಗ್ರಿ ದಾಟಿದರೆ ತುದಿಗಳನ್ನು ಜಗ್ಗುತ್ತದೆ. ಗ್ರೂಪ್ ಫೋಟೋದ ತುದಿಯಲ್ಲಿ ನಿಂತ ಮಾವನವರು ದಪ್ಪಗಾಗ್ತಾರಲ್ಲ, ಹಾಗೆ.

ನನ್ನ ಕಥೆ ಹೇಳುತ್ತೇನೆ. ಒಂದು ಭಾನುವಾರ ಬೆಳಗ್ಗೆ ಅಂಬೇಡ್ಕರ್ ವೀಧಿಯಲ್ಲಿದ್ದೆ. ವಿಧಾನಸೌಧದ ಮುಖ ಪೂರ್ವಕ್ಕೆ, ಹಾಗಾಗಿ ಬೆಳಗಿನ ಬಿಸಿಲು ನೇರ ಕಲ್ಲಿನ ಮೇಲೆ. ಬೆನ್ನ ಹಿಂದೆ ಕೆಂಪು ಅಠಾರ ಕಚೇರಿ, 1868ರದ್ದು. ಕ್ಯಾಮೆರಾ ಉದ್ದಕ್ಕೆ ಹಿಡಿದು ಎಡದಿಂದ ಬಲಕ್ಕೆ ಒಂಬತ್ತು ಫ್ರೇಮ್ ತೆಗೆದೆ. ಅಷ್ಟರಲ್ಲಿ ಒಂದು ಬಸ್ಸು ಬಂತು. ಅದೂ ಎಡದಿಂದ ಬಲಕ್ಕೇ, ನನ್ನ ಜೊತೆಜೊತೆಗೇ!

ಮನೆಗೆ ಬಂದು ಜೋಡಿಸಿದೆ. ಬಸ್ಸು ಮೂರು ಕಡೆ ಇದೆ. ಒಂದಕ್ಕೆ ಹಿಂಬದಿ ಇಲ್ಲ, ಇನ್ನೊಂದಕ್ಕೆ ಡ್ರೈವರ್ ಇಲ್ಲ. ನಮ್ಮ ಮನೆಯವರು ಇಣುಕಿ ನೋಡಿ, "ಮೆಟ್ರೋ ಯಾವಾಗ ಭೂಮಿ ಮೇಲೆ ಬಂತು ಇಲ್ಲಿ?" ಅಂದರು.

ನಗಿ, ನಗಿ. ಬಸ್ಸನ್ನು ಅಳಿಸಬಹುದು. ಅದೇ ಜಾಗದ ಖಾಲಿ ಫ್ರೇಮ್ ಇನ್ನೊಂದು ಇದ್ದರೆ ಸಾಕು. ನಾನು ಅತ್ತದ್ದು ಬೇಲಿಗೆ. ಕಟ್ಟಡ ಚೆನ್ನಾಗಿ ಕೂಡಿತ್ತು. ಮುಂದಿನ ಕಬ್ಬಿಣದ ಬೇಲಿಯಲ್ಲಿ ಮಾತ್ರ ಒಂದು ಸಲಾಕೆಯ ಕೆಳಗರ್ಧ ಒಂದು ಕಡೆ, ಮೇಲರ್ಧ ನಾಲ್ಕು ಬೆರಳು ಆಚೆ. ಯಾಕೆ?

ಈಗ ಎಲ್ಲರೂ ಒಂದು ಕಣ್ಣು ಮುಚ್ಚಿ. ಮೊಣಕೈಯನ್ನು ಮುಂದಿನ ಕುರ್ಚಿಯ ಮೇಲೆ ಊರಿ ಬೆರಳೆತ್ತಿ. ಆ ವೇದಿಕೆಯ ಕಂಬಕ್ಕೆ ಬೆರಳು ಸರಿಯಾಗಿ ಅಡ್ಡ ಬರಲಿ. ಬೆರಳು ಅಲ್ಲಾಡಿಸದೆ ಕತ್ತು ಮಾತ್ರ ಆ ಕಡೆ ಈ ಕಡೆ ತಿರುಗಿಸಿ. ಬೆರಳು ಕಂಬದಿಂದ ಜಾರಿತು, ಅಲ್ವಾ? ಬೆರಳೇ ನನ್ನ ಬೇಲಿ, ಕಂಬವೇ ಕಟ್ಟಡ. ಕತ್ತು ತಿರುಗುವ ಜಾಗ ಬೇರೆ, ಕಣ್ಣಿರುವ ಜಾಗ ಬೇರೆ. ಟ್ರೈಪಾಡ್ ಸ್ಕ್ರೂ ಕ್ಯಾಮೆರಾದ ಹೊಟ್ಟೆಗೆ ಕೂತಿರುತ್ತೆ, ನೋಡುವ ಕಣ್ಣು ಲೆನ್ಸಿನೊಳಗೆ. ನಾನಂತೂ ಅವತ್ತು ಟ್ರೈಪಾಡೂ ಇಲ್ಲದೆ ಸೊಂಟ ತಿರುಗಿಸಿದ್ದೆ.

ಅದಕ್ಕೇ ಹೇಳಿದ್ದು, ತಿರುಗಬೇಕಾದ್ದು ಲೆನ್ಸು. ಟ್ರೈಪಾಡ್ ಮೇಲೆ ಹಿಂದೆ ಮುಂದೆ ಜಾರುವ ಒಂದು ಪಟ್ಟಿ ಹಾಕಿ ಕ್ಯಾಮೆರಾವನ್ನು ಹಿಂದಕ್ಕೆ ಸರಿಸಿ. ಹತ್ತಿರದ್ದೊಂದು, ದೂರದ್ದೊಂದು ಕಂಬ ಒಂದರ ಹಿಂದೊಂದು ಇಟ್ಟುಕೊಂಡು ತಿರುಗಿಸಿ ನೋಡಿ. ಎರಡೂ ಬಿಟ್ಟುಹೋಗದಿದ್ದರೆ ಸರಿಯಾದ ಜಾಗ ಸಿಕ್ಕಿತು. ಪಟ್ಟಿಯ ಮೇಲೆ ಗುರುತು ಹಾಕಿಕೊಳ್ಳಿ. ಮಹಡಿ ಮೇಲಿಂದ ತೆಗೆಯುತ್ತೀರಾ, ಹತ್ತಿರ ಏನೂ ಇಲ್ಲವಾ? ಇದ್ಯಾವುದೂ ಬೇಡ, ಸುಮ್ನೆ ಕೈಯಲ್ಲೇ ತೆಗೆಯಿರಿ.

ಮೈಬ್ರಿಜ್ ಅನ್ನುವ ಫೋಟೋಗ್ರಾಫರ್ 1878ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗುಡ್ಡ ಹತ್ತಿ 13 ದೊಡ್ಡ ಗಾಜಿನ ಪ್ಲೇಟುಗಳಲ್ಲಿ ಊರನ್ನೆಲ್ಲ ಒಂದು ಸುತ್ತು ಹಿಡಿದ. ನಾವು ಫೋನ್ ತಿರುಗಿಸಿ ಕೈ ನೋವು ಅಂತೀವಿ.

ಚೀಟಿ ಬಂತು, ಐದು ನಿಮಿಷವಂತೆ. ಉಳಿದದ್ದು ಬೇಗ ಹೇಳುತ್ತೇನೆ. ಎಕ್ಸ್‌ಪೋಷರ್ ಅಂದರೆ ಬೆಳಕಿನ ಅಳತೆ; ಅದು ಮ್ಯಾನುಯಲ್ ಇರಲಿ, ಇಲ್ಲದಿದ್ದರೆ ಆಕಾಶ ಪಟ್ಟೆಪಟ್ಟೆ ಆಗುತ್ತೆ. ಬಣ್ಣದ ಹದ ನೋಡುವ ವೈಟ್ ಬ್ಯಾಲೆನ್ಸ್, ಫೋಕಸ್ ಎರಡನ್ನೂ ಲಾಕ್ ಮಾಡಿ. ಒಂದು ಫ್ರೇಮಿನ 30% ಮುಂದಿನದರಲ್ಲೂ ಬರಲಿ. ದರ್ಜಿ ಹೊಲಿಗೆಗೆ ಅಂಚು ಬಿಡ್ತಾನಲ್ಲ, ಅಷ್ಟು ಧಾರಾಳ.

ಕಾಫಿ ಆದ ಮೇಲೆ ಹೊರಗಿನ ಗೇಟಿನ ಹತ್ತಿರ ಇರುತ್ತೇನೆ. ಅಲ್ಲಿ ಬೇಲಿ ಇದೆ, ಹಿಂದೆ ಲೈಟು ಕಂಬ ಇದೆ. ಟ್ರೈಪಾಡ್ ತಂದವರು ಬನ್ನಿ.