ಉದುರಿದ ಹಾಲುಹಲ್ಲು ಇಟ್ಟಿರುವ ಲೆಕ್ಕ

ನಮಸ್ಕಾರ. ಮಗಳ ಮೊದಲ ಹಾಲುಹಲ್ಲು ಉದುರಿದ ದಿನ ಅದನ್ನು ಅಂಗೈ ಮೇಲಿಟ್ಟುಕೊಂಡು ನೋಡುತ್ತಿದ್ದಾಗ, ಅವಳ ಮೈ ಸೇರಿದ ರಾಸಾಯನಿಕಗಳ ಲೆಕ್ಕ ಇದರಲ್ಲಿ ಉಳಿದಿರಬಹುದೇ ಎಂದು ಹುಟ್ಟಿದ ಪ್ರಶ್ನೆಯೇ ಈ ಸಂಚಿಕೆಗೆ ಕಾರಣ. ಗೋಡೆಯ ಬಣ್ಣ, ಆಟಿಕೆ, ಸೋಫಾದ ಸ್ಪಂಜು, ನೀರಿನ ಬಾಟಲಿ, ಬಾಣಲೆಯ ಲೇಪನ ಇವುಗಳಲ್ಲಿರುವ ರಾಸಾಯನಿಕಗಳು ಮಕ್ಕಳ ಮೈ ಸೇರುತ್ತವೆ ಎಂಬ ಮಾತನ್ನು ಪ್ರತಿಯೊಬ್ಬ ತಾಯಿ, ಪ್ರತಿಯೊಬ್ಬ ತಂದೆ ಕೇಳಿರುತ್ತಾರೆ. ಆದರೆ ಸೇರಿದ್ದು ಎಷ್ಟು, ಅದು ಎಷ್ಟು ಕಾಲ ಒಳಗೆ ಉಳಿಯುತ್ತದೆ, ಅದನ್ನು ತಡೆಯುವುದು ನಮ್ಮ ಕೈಯಲ್ಲಿ ಎಷ್ಟರ ಮಟ್ಟಿಗೆ ಇದೆ ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ.

ಮೂಲ ಸಂಗತಿಗಳನ್ನು ಬೇಗನೆ ಹೇಳಿಬಿಡುತ್ತೇನೆ. ಮೈತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಗಾಳಿ ಉಸಿರಾಡುತ್ತಾರೆ, ಹೆಚ್ಚು ನೀರು ಕುಡಿಯುತ್ತಾರೆ. ನೆಲದ ಮೇಲೆ ತೆವಳುತ್ತಾ ದೂಳು ಹಿಡಿದ ಕೈಯನ್ನು ಬಾಯಿಗೆ ಹಾಕುತ್ತಾರೆ. ಹೊಟ್ಟೆ ಸೇರಿದ ಸೀಸ (ಲೆಡ್) ಎಂಬ ವಿಷಲೋಹದಲ್ಲಿ ದೊಡ್ಡವರ ದೇಹ ಸುಮಾರು ಹತ್ತನೆಯ ಒಂದು ಪಾಲನ್ನು ಹೀರಿಕೊಂಡರೆ, ಎಳೆಯ ಮಗುವಿನ ದೇಹ ಅರ್ಧದಷ್ಟನ್ನು ಹೀರಿಕೊಳ್ಳಬಲ್ಲದು. ಇಷ್ಟು ತಿಳಿದಿದ್ದರೆ ಸಾಕು, ಹಲ್ಲಿಗೆ ಬರೋಣ.

(ಪರದೆಯ ಮೇಲೆ: ಹಾಲುಹಲ್ಲಿನ ಅಡ್ಡಕೊಯ್ತದ ಚಿತ್ರ)

ಹಾಲುಹಲ್ಲುಗಳು ರೂಪುಗೊಳ್ಳಲು ತೊಡಗುವುದು ಗರ್ಭದಲ್ಲಿಯೇ, ಹುಟ್ಟಿಗೆ ಹಲವು ತಿಂಗಳು ಮೊದಲೇ. ಅವು ಪದರದ ಮೇಲೆ ಪದರವಾಗಿ ಬೆಳೆಯುತ್ತವೆ. ಚಿತ್ರದಲ್ಲಿ ಕಾಣುವ ಈ ಕಪ್ಪು ಗೆರೆಯನ್ನು ನೋಡಿ: ಅದು ಮಗು ಹುಟ್ಟಿದ ದಿನದ ಗುರುತು. ಗರ್ಭದಿಂದ ಹೊರಗೆ ಬರುವಾಗ ದೇಹಕ್ಕಾದ ಏರುಪೇರು ಹಲ್ಲಿನಲ್ಲಿ ಗೆರೆಯಾಗಿ ಉಳಿದಿದೆ. ಗೆರೆಯ ಒಂದು ಬದಿಗೆ ತಾಯಿಯ ಒಡಲಿನ ತಿಂಗಳುಗಳು, ಇನ್ನೊಂದು ಬದಿಗೆ ಈ ಲೋಕದ ದಿನಗಳು. ಸೀಸವು ಕ್ಯಾಲ್ಸಿಯಂನ ವೇಷ ಹಾಕಿಕೊಂಡು ಬರುವುದರಿಂದ ದೇಹವು ಅದನ್ನು ಗುರುತಿಸದೆ ಹಲ್ಲಿನಲ್ಲಿಯೂ ಮೂಳೆಯಲ್ಲಿಯೂ ಸೇರಿಸಿಬಿಡುತ್ತದೆ. ಆದ್ದರಿಂದ ರಕ್ತಪರೀಕ್ಷೆಯನ್ನು ಅಂಗಡಿಯವನ ಗಲ್ಲಾಪೆಟ್ಟಿಗೆಗೆ ಹೋಲಿಸಬಹುದು. ಈಚಿನ ಕೆಲವು ವಾರಗಳಲ್ಲಿ ಬಂದದ್ದು ಏನೆಂಬುದನ್ನು ಮುಖ್ಯವಾಗಿ ಅದು ಹೇಳುತ್ತದೆ. ಹಲ್ಲು ಕಿರ್ದಿ ಪುಸ್ತಕವಿದ್ದಂತೆ. ಮೂಳೆ ಕರಗಿ ಮತ್ತೆ ಕಟ್ಟಿಕೊಳ್ಳುತ್ತಿರುತ್ತದೆ. ಹಲ್ಲಿನ ಹೊರಪದರವಾದ ಎನಾಮೆಲ್‌ನಲ್ಲಿ ಒಮ್ಮೆ ಬರೆದ ಸಾಲನ್ನು ದೇಹವು ತಿದ್ದುವುದಿಲ್ಲ.

ಈ ಕಿರ್ದಿಯನ್ನು ದೊಡ್ಡ ಪ್ರಮಾಣದಲ್ಲಿ ತೆರೆದು ಓದಿದವರಲ್ಲಿ ಮೊದಲಿಗರು ಅಮೆರಿಕದ ಸೇಂಟ್ ಲೂಯಿಸ್ ನಗರದವರು. ಬಯಲಿನಲ್ಲಿ ನಡೆಯುತ್ತಿದ್ದ ಅಣ್ವಸ್ತ್ರ ಪರೀಕ್ಷೆಗಳಿಂದ ಹುಟ್ಟಿದ ಸ್ಟ್ರಾಂಷಿಯಂ-90 ಎಂಬ ವಿಕಿರಣ ಧಾತು ಹುಲ್ಲಿನಿಂದ ಹಸುವಿಗೆ, ಹಾಲಿನಿಂದ ಮಗುವಿಗೆ ಇಳಿಯುತ್ತಿದೆಯೇ ಎಂಬುದು ಅವರ ಪ್ರಶ್ನೆಯಾಗಿತ್ತು. ಸ್ಟ್ರಾಂಷಿಯಂ ಕೂಡ ಕ್ಯಾಲ್ಸಿಯಂನ ಹತ್ತಿರದ ಬಂಧುವೇ. ವಿಜ್ಞಾನಿಗಳೂ ಸಾಮಾನ್ಯ ನಾಗರಿಕರೂ ಸೇರಿ 1958ರ ಕೊನೆಯಲ್ಲಿ ಆರಂಭಿಸಿದ ಆ ಸಮೀಕ್ಷೆಗೆ ಸುಮಾರು 3 ಲಕ್ಷ 20 ಸಾವಿರ ಹಾಲುಹಲ್ಲುಗಳು ಬಂದವು. ಹಲ್ಲು ಕೊಟ್ಟ ಪ್ರತಿ ಮಗುವಿಗೂ ‘ನನ್ನ ಹಲ್ಲನ್ನು ವಿಜ್ಞಾನಕ್ಕೆ ಕೊಟ್ಟಿದ್ದೇನೆ’ ಎಂಬ ಅರ್ಥದ ಬಿಲ್ಲೆಯೊಂದು ಸಿಗುತ್ತಿತ್ತು. ನನಗೆ ಈ ವಿವರ ಬಹಳ ಇಷ್ಟ. ಸಾವಿರಾರು ಮನೆಗಳಲ್ಲಿ ತಾಯಂದಿರು ಆ ಪುಟ್ಟ ಹಲ್ಲನ್ನು ಚೀಟಿಯೊಡನೆ ಲಕೋಟೆಗೆ ಹಾಕಿ, ತಮ್ಮ ಹೆದರಿಕೆಯನ್ನು ಅಳೆಯಬಹುದಾದ ಸಂಗತಿಯನ್ನಾಗಿ ಮಾಡಿ ಕಳಿಸಿದರು. ಪರೀಕ್ಷೆಗಳು ಹೆಚ್ಚಿದ ವರ್ಷಗಳಲ್ಲಿ ಹುಟ್ಟಿದ ಮಕ್ಕಳ ಹಲ್ಲಿನಲ್ಲಿ ಸ್ಟ್ರಾಂಷಿಯಂ-90 ಹಲವು ಪಟ್ಟು ಏರಿತ್ತು. ಬಯಲಿನ ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದಕ್ಕೆ 1963ರಲ್ಲಿ ಸಹಿ ಬಿತ್ತು. ಆಮೇಲೆ ಹುಟ್ಟಿದ ಮಕ್ಕಳಲ್ಲಿ ಅದು ಇಳಿಯಿತು.

ಇದೇ ದಾರಿಯನ್ನು ಹಿಡಿದು ಸೀಸವನ್ನು ಹುಡುಕಿದವರು ಮಕ್ಕಳ ವೈದ್ಯ ಹರ್ಬರ್ಟ್ ನೀಡ್ಲ್‌ಮನ್. ಮ್ಯಾಸಚೂಸೆಟ್ಸ್‌ನ ಎರಡು ಊರುಗಳ ಒಂದು ಮತ್ತು ಎರಡನೆಯ ತರಗತಿಯ ಮಕ್ಕಳಿಂದ ಹಾಲುಹಲ್ಲುಗಳನ್ನು ಸಂಗ್ರಹಿಸಿ ಅವರು 1979ರಲ್ಲಿ ಪ್ರಕಟಿಸಿದ ಅಧ್ಯಯನ ತಂದೆತಾಯಿಯರನ್ನು ಬೆಚ್ಚಿಬೀಳಿಸುವಂತಿತ್ತು. ಆ ಮಕ್ಕಳಲ್ಲಿ ಸೀಸದ ವಿಷಬಾಧೆಯ ಲಕ್ಷಣಗಳೇನೂ ಇರಲಿಲ್ಲ. ಆದರೂ ಹಲ್ಲಿನಲ್ಲಿ ಸೀಸ ಹೆಚ್ಚಿದ್ದವರು ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಸರಾಸರಿಯಾಗಿ ಹಿಂದುಳಿದಿದ್ದರು. ಹಲ್ಲಿನ ಸೀಸ ಏರಿದಂತೆಲ್ಲ, ಯಾವ ಮಗುವಿನ ಹಲ್ಲಿನಲ್ಲಿ ಎಷ್ಟಿದೆಯೆಂದು ತಿಳಿಯದ ಶಿಕ್ಷಕರೇ, ಮಗುವಿನ ಗಮನ ನಿಲ್ಲುವುದಿಲ್ಲವೆಂದು ಹೆಚ್ಚು ಸಲ ಗುರುತು ಹಾಕಿದ್ದರು. ಮೇಲ್ನೋಟಕ್ಕೆ ಆರೋಗ್ಯವಾಗಿರುವ ಮಗುವಿಗೂ ಹಾನಿಯಾಗಿರಬಹುದು ಎಂಬುದನ್ನು ಆ ಹಲ್ಲುಗಳು ತೋರಿಸಿಕೊಟ್ಟವು.

(ಪರದೆಯ ಮೇಲೆ: ಇಳಿಯುತ್ತಾ ಹೋಗುವ ಅಂಕಿಗಳು)

ಅಮೆರಿಕದಲ್ಲಿ 1960ರ ದಶಕದಲ್ಲಿ ಮಗುವಿನ ಒಂದು ಡೆಸಿಲೀಟರ್ ರಕ್ತದಲ್ಲಿ 60 ಮೈಕ್ರೋಗ್ರಾಂ ಸೀಸ ಕಂಡರೆ ಮಾತ್ರ ಚಿಂತಿಸಬೇಕೆನ್ನುತ್ತಿದ್ದರು. ಆ ಅಂಕಿ 1971ರಲ್ಲಿ 40 ಆಯಿತು, 1985ರಲ್ಲಿ 25, 1991ರಲ್ಲಿ 10, 2012ರಲ್ಲಿ 5, 2021ರಲ್ಲಿ 3.5. ಇಂದಿನ 3.5 ಕೂಡ ಸುರಕ್ಷತೆಯ ಗಡಿಯಲ್ಲ. ಸೀಸಕ್ಕೆ ಸುರಕ್ಷಿತವೆಂಬ ಮಟ್ಟ ಯಾವುದೂ ತಿಳಿದುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಒಂದು ತಲೆಮಾರಿನ ತಂದೆತಾಯಿಗೆ ‘ಗಾಬರಿಯಾಗಬೇಡಿ’ ಎಂದು ಹೇಳಿ ಕಳಿಸಿದ ಮಟ್ಟವು ಮುಂದಿನ ತಲೆಮಾರಿಗೆ ಚಿಕಿತ್ಸೆ ಬೇಕಾದ ಮಟ್ಟವಾಯಿತು. ಹೀಗಿರುವಾಗ ಇಂದಿನ ತಾಯಿಯೊಬ್ಬಳು ಅಧಿಕೃತ ಅಂಕಿಯನ್ನು ಕೇಳಿಯೂ ಸಮಾಧಾನಗೊಳ್ಳದಿದ್ದರೆ ಅವಳನ್ನು ಅತಿ ಚಿಂತೆಯವಳೆಂದು ತಳ್ಳಿಹಾಕುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಇದೇ ಕಥೆಯಲ್ಲಿ ನೆಮ್ಮದಿಯ ಭಾಗವೂ ಇದೆ. 1970ರ ದಶಕದ ಕೊನೆಯಲ್ಲಿ ಅಲ್ಲಿನ ಐದು ವರ್ಷದೊಳಗಿನ ಮಕ್ಕಳ ರಕ್ತದಲ್ಲಿ ಸರಾಸರಿ 15 ಮೈಕ್ರೋಗ್ರಾಂ ಸೀಸವಿತ್ತು. ಈಗ ಅದು 1ಕ್ಕಿಂತಲೂ ಕಡಿಮೆ. ತಾಯಂದಿರು ಮನೆಯನ್ನು ಎರಡು ಪಟ್ಟು ಗುಡಿಸಿ ಸಾಧಿಸಿದ ಇಳಿಕೆ ಇದಾಗಿರಲಿಲ್ಲ. ಪೆಟ್ರೋಲಿನಿಂದ ಸೀಸವನ್ನು ತೆಗೆದರು, ಮನೆಯ ಬಣ್ಣದಿಂದ ತೆಗೆದರು, ಡಬ್ಬಿಗಳ ಬೆಸುಗೆಯಿಂದ ತೆಗೆದರು. ಸೀಸ ಬೆರೆತ ಪೆಟ್ರೋಲನ್ನು ವಾಹನಗಳಿಗೆ ಮಾರುವುದು 2021ರಲ್ಲಿ ಅಲ್ಜೀರಿಯಾದಲ್ಲಿ ನಿಂತಾಗ ಜಗತ್ತಿನಲ್ಲೆಲ್ಲ ನಿಂತಂತಾಯಿತು. ಹಾಗಿದ್ದರೂ ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆಯೆಂದು 2020ರಲ್ಲಿ ಯುನಿಸೆಫ್ ಅಂದಾಜಿಸಿತು. ಹಳೆಯ ಬ್ಯಾಟರಿಗಳನ್ನು ಬೇಕಾಬಿಟ್ಟಿ ಕರಗಿಸುವುದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು.

ಸಮಯ ಕಡಿಮೆಯಿರುವುದರಿಂದ ಉಳಿದ ರಾಸಾಯನಿಕಗಳನ್ನು ಒಟ್ಟಿಗೆ ಹೇಳುತ್ತೇನೆ. ಮಕ್ಕಳ ಮಲಗುವ ಬಟ್ಟೆಗೆ ಬೆಂಕಿ ತಗಲದಿರಲೆಂದು ಸೇರಿಸುತ್ತಿದ್ದ ‘ಟ್ರಿಸ್’ ಎಂಬ ಬ್ರೋಮಿನ್‌ಯುಕ್ತ ವಸ್ತುವು ವಂಶವಾಹಿಗಳನ್ನು ಕೆಡಿಸಬಲ್ಲದೆಂದು ವಿಜ್ಞಾನಿಗಳಾದ ಆರ್ಲೀನ್ ಬ್ಲಮ್ ಮತ್ತು ಬ್ರೂಸ್ ಏಮ್ಸ್ 1977ರಲ್ಲಿ ತೋರಿಸಿದರು. ಆ ಬಟ್ಟೆ ತೊಟ್ಟ ಮಕ್ಕಳ ಮೂತ್ರದಲ್ಲಿ ಅದರ ಅವಶೇಷವೂ ಮರುವರ್ಷ ವರದಿಯಾಯಿತು. ಅದರ ಜಾಗಕ್ಕೆ ಬಂದ ಕ್ಲೋರಿನ್‌ಯುಕ್ತ ಸೋದರ ವಸ್ತುವೂ ಅಪಾಯಕಾರಿಯೆಂದು ಕಂಡು ಮಕ್ಕಳ ಬಟ್ಟೆಯಿಂದ ಹೊರಬಿತ್ತು. ವರ್ಷಗಳ ಬಳಿಕ ಅದೇ ವಸ್ತು ಸೋಫಾದ ಸ್ಪಂಜಿನಲ್ಲಿ ಪತ್ತೆಯಾಯಿತು. ಪ್ಲಾಸ್ಟಿಕ್ಕಿನ ರಾಸಾಯನಿಕವಾದ ಬಿಸ್ಫಿನಾಲ್-ಎ ತೆಗೆದ ಕಡೆ ಅದರ ಸೋದರ ವಸ್ತು ಬಿಸ್ಫಿನಾಲ್-ಎಸ್ ಬಂದದ್ದೂ ಇದೇ ಬಗೆ. ಇಂಥ ಅದಲುಬದಲನ್ನು ವಸ್ತುವಿನ ಮೇಲಿನ ಚೀಟಿ ಓದಿ ಹಿಡಿಯುವುದು ಯಾವ ತಾಯಿತಂದೆಗೂ ಸಾಧ್ಯವಿಲ್ಲ.

ಒಳಗೆ ಉಳಿಯುವ ಕಾಲದಲ್ಲಿಯೂ ಇವು ಒಂದೇ ಬಗೆಯವಲ್ಲ. ಬಿಸ್ಫಿನಾಲ್-ಎ ಮತ್ತು ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುವ ಥಾಲೇಟ್‌ಗಳ ಹೆಚ್ಚಿನ ಪಾಲು ಒಂದೆರಡು ದಿನಗಳಲ್ಲಿ ಮೂತ್ರದಲ್ಲಿ ಹೊರಹೋಗುತ್ತದೆ, ಆದರೆ ಪ್ರತಿದಿನವೂ ಹೊಸದು ಬರುತ್ತಿರುತ್ತದೆ. ಅಂಟದ ಪಾತ್ರೆ ಮತ್ತು ನೀರು ತಾಗದ ಬಟ್ಟೆಗಳಿಗೆ ಬಳಸಿದ ಫ್ಲೋರಿನ್‌ಯುಕ್ತ ಪಿಎಫ್ಎಎಸ್‌ಗಳಲ್ಲಿ ಕೆಲವು ದೇಹದಲ್ಲಿ ಅರ್ಧಕ್ಕೆ ಇಳಿಯಲು ಹಲವು ವರ್ಷಗಳೇ ಬೇಕು. ಬಿಸ್ಫಿನಾಲ್, ಥಾಲೇಟ್‌ಗಳು ಬೇಗ ಹೊರಹೋಗುವುದರಿಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಆಹಾರ ಬಿಸಿಮಾಡುವುದನ್ನು ಇಂದು ಬಿಟ್ಟರೆ ಅದರ ಫಲ ದಿನಗಳಲ್ಲಿಯೇ ಕಾಣಬಹುದು. ಊಟಕ್ಕೆ ಮುಂಚೆ ಕೈ ತೊಳೆಸುವುದು, ದೂಳನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ಮಗುವಿನ ಊಟದಲ್ಲಿ ಕಬ್ಬಿಣ ಮತ್ತು ಕ್ಯಾಲ್ಸಿಯಂ ಸಾಕಷ್ಟಿರುವಂತೆ ನೋಡಿಕೊಳ್ಳುವುದು ಸೀಸದ ವಿಷಯದಲ್ಲಿ ನಿಜಕ್ಕೂ ಉಪಯುಕ್ತ. ಮನೆಯ ಹಳೆಯ ಬಣ್ಣ ಚಕ್ಕೆಯೇಳುತ್ತಿದ್ದರೆ, ಮನೆಯಲ್ಲಿ ಯಾರಾದರೂ ಬ್ಯಾಟರಿ ಅಥವಾ ಬೆಸುಗೆಯ ಕೆಲಸ ಮಾಡುತ್ತಿದ್ದರೆ, ವೈದ್ಯರನ್ನು ಕೇಳಿ ಮಗುವಿನ ರಕ್ತದ ಸೀಸವನ್ನು ಪರೀಕ್ಷೆ ಮಾಡಿಸಿ. ಆ ಫಲಿತಾಂಶವನ್ನು ಹಿಡಿದು ಮೂಲವನ್ನು ಹುಡುಕಿ ತೆಗೆಯಲು ಸಾಧ್ಯವಿದೆ. ಪ್ಲಾಸ್ಟಿಕ್ಕಿನ ರಾಸಾಯನಿಕಗಳಿಗೆಂದು ಒಮ್ಮೆ ಮೂತ್ರ ಪರೀಕ್ಷೆ ಮಾಡಿಸಲು ಹಣ ಕೊಡಬೇಡಿ, ಅದು ನಿನ್ನೆ ಮಗು ಏನು ತಿಂದಿತೆಂಬುದಕ್ಕಿಂತ ಹೆಚ್ಚಿನದನ್ನು ನಿಮಗೆ ಹೇಳಲಾರದು.