ನಿಮ್ಮನ್ನು ಈಗ ಎಷ್ಟು ಜನ ನೋಡುತ್ತಿದ್ದಾರೆ?

ಕೇಳುಗರಿಗೆ ನಮಸ್ಕಾರ.

ಬಿಜಿಎಂಐ ಎಂಬ ಮೊಬೈಲ್ ಆಟ ಆಡುವ ಯಾರನ್ನಾದರೂ ಕೇಳಿ ನೋಡಿ, ಕೊನೇ ಮ್ಯಾಚಿನಲ್ಲಿ ಹೇಗೆ ಸತ್ತೆ ಅಂತ. ಉತ್ತರ ಹೆಚ್ಚು ಕಡಿಮೆ ಮೂರೇ. ನೆಟ್ ಕೈಕೊಟ್ಟಿತು. ಎದುರಿಗಿದ್ದವನು ಹ್ಯಾಕರ್. ಇಲ್ಲಾ, ಯಾರೋ ಹಿಂದಿನಿಂದ ಹೊಡೆದ. ಮೊದಲಿನ ಎರಡನ್ನು ಬಿಡೋಣ, ಕೆಲವು ಸಲ ಅವು ನಿಜವೂ ಹೌದು. ನಾನು ಮಾತಾಡಬೇಕೆಂದಿರುವುದು ಮೂರನೆಯದರ ಬಗ್ಗೆ. ಹಿಂದಿನಿಂದ ಹೊಡೆದ ಅಂದರೆ ಏನರ್ಥ? ನೀವು ಅವನಿಗೆ ಕಾಣುತ್ತಿದ್ದಿರಿ, ಅವನು ನಿಮಗೆ ಕಾಣುತ್ತಿರಲಿಲ್ಲ. ಅಷ್ಟೇ. ಬೆರಳು ಎಷ್ಟು ಚುರುಕು ಅನ್ನುವ ಪ್ರಶ್ನೆಯೇ ಅಲ್ಲಿ ಬರಲಿಲ್ಲ.

ಆಟ ಗೊತ್ತಿಲ್ಲದವರೂ ಕೇಳುತ್ತಿರಬಹುದು, ಅವರಿಗಾಗಿ ಸ್ವಲ್ಪ ಹಿನ್ನೆಲೆ. ಐರ್ಲೆಂಡಿನ ಬ್ರೆಂಡನ್ ಗ್ರೀನ್ ರೂಪಿಸಿದ ಆಟ ಪಬ್‌ಜಿ. ದಕ್ಷಿಣ ಕೊರಿಯಾದ ಕಂಪನಿಯೊಂದು 2017ರಲ್ಲಿ ಅದನ್ನು ಕಂಪ್ಯೂಟರಿಗೆ ತಂದಿತು, 2018ರಲ್ಲಿ ಅದು ಮೊಬೈಲಿಗೂ ಬಂತು. 2020ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರ ಮೊಬೈಲ್ ಆಟವನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಅಂದರೆ ಬಿಜಿಎಂಐ, ಎಂಬ ಹೆಸರಿನಲ್ಲಿ ಅದು ಮರಳಿತು. ಮಾರನೇ ವರ್ಷ ಆಪ್ ಸ್ಟೋರುಗಳಿಂದ ಮತ್ತೆ ಮಾಯ. 2023ರ ಮೇ ತಿಂಗಳಲ್ಲಿ ಮತ್ತೆ ಹಾಜರು. ಆಟ ಇಷ್ಟು: 100 ಜನ ವಿಮಾನದಿಂದ ಹಾರುತ್ತಾರೆ. ಕೆಳಗಿಳಿದು ಬಂದೂಕು, ಹೆಲ್ಮೆಟ್, ಔಷಧ ಹುಡುಕಿಕೊಳ್ಳುತ್ತಾರೆ. ಆಡುವ ಜಾಗ ಒಂದು ವೃತ್ತದ ಹಾಗೆ ಕುಗ್ಗುತ್ತಾ ಬರುತ್ತದೆ. ಹೊರಗೆ ಉಳಿದರೆ ನೀಲಿ ಝೋನ್ ಜೀವ ಹೀರುತ್ತದೆ. ಕೊನೆಗೆ ಉಳಿದ ತಂಡಕ್ಕೆ ಚಿಕನ್ ಡಿನ್ನರ್. ಅಂದರೆ ಗೆಲುವು.

ಆಟ ಸುಧಾರಿಸಬೇಕು ಅಂತ ಹೊರಟವರು ಮೊದಲು ಮಾಡುವ ಕೆಲಸ ಯಾವುದೋ ದೊಡ್ಡ ಆಟಗಾರನ ಸೆನ್ಸಿಟಿವಿಟಿ ಕೋಡ್ ಹುಡುಕುವುದು. ಬೆರಳು ಎಳೆದಾಗ ನೋಟ ಎಷ್ಟು ಬೇಗ ತಿರುಗಬೇಕು ಅನ್ನುವ ಸೆಟ್ಟಿಂಗ್ ಅದು. ಅವನ ಫೋನ್ ಬೇರೆ, ಪರದೆಯ ಅಳತೆ ಬೇರೆ, ಅವನು ಆಡುವುದು ನಾಲ್ಕು ಬೆರಳಲ್ಲಿ, ನೀವು ಎರಡು ಹೆಬ್ಬೆರಳಲ್ಲಿ. ಹಾಗಾಗಿ ಆ ಕೋಡ್ ನಿಮ್ಮ ಕೈಗೆ ಕೂರುವುದು ಅಪರೂಪ. ಇಷ್ಟು ಗೊತ್ತಿದ್ದರೆ ಸಾಕು. ಕ್ಯಾಮೆರಾ ಸೆನ್ಸಿಟಿವಿಟಿ ಸುತ್ತ ನೋಡುವಾಗ ಕೆಲಸ ಮಾಡುತ್ತದೆ. ಎಡಿಎಸ್ ಸೆನ್ಸಿಟಿವಿಟಿ ಗುಂಡು ಹಾರಿಸುತ್ತಿರುವಾಗ. ಬಂದೂಕು ಮೇಲಕ್ಕೆ ಎಗರುತ್ತಿದ್ದರೆ ಎರಡನೆಯದನ್ನು ಸರಿಮಾಡಿ, ಮೊದಲನೆಯದನ್ನಲ್ಲ. ಟ್ರೈನಿಂಗ್ ಗ್ರೌಂಡಿಗೆ ಹೋಗಿ, ಎಂ416 ಬಂದೂಕು ಹಿಡಿದು, ಒಂದು ಗೋಡೆಗೆ ಪೂರ್ತಿ ಮ್ಯಾಗಜೀನ್ ಖಾಲಿ ಮಾಡಿ. ಗುಂಡಿನ ಗುರುತು ಒಂದೇ ಕಡೆ ಬೀಳುವ ತನಕ ಸ್ವಲ್ಪ ಸ್ವಲ್ಪ ಬದಲಿಸುತ್ತಾ ಹೋಗಿ. ಆಮೇಲೆ ಒಂದು ತಿಂಗಳು ಅದನ್ನು ಮುಟ್ಟಬೇಡಿ. ಜೈರೋಸ್ಕೋಪ್ ಹಾಕಿಕೊಂಡು ಫೋನನ್ನೇ ಓರೆ ಮಾಡಿ ಗುರಿ ಹಿಡಿಯುವುದು ಶುರುವಿನಲ್ಲಿ ತಲೆನೋವು, ಆದರೆ ರೂಢಿಯಾದರೆ ದೂರದ ಗುರಿಗೆ ಬಹಳ ಒಳ್ಳೆಯದು. ಸೆಟ್ಟಿಂಗ್ಸ್ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವುದು ನನಗೆ ಇಷ್ಟವಿಲ್ಲ.

ಈಗ ಅಸಲು ವಿಷಯಕ್ಕೆ ಬರೋಣ. ಮ್ಯಾಚಿನ ಯಾವ ಗಳಿಗೆಯಲ್ಲಾದರೂ ನಿಮ್ಮನ್ನೇ ನೀವು ಕೇಳಿಕೊಳ್ಳಬಹುದಾದ ಒಂದು ಪ್ರಶ್ನೆ ಇದೆ. ನಾನು ನಿಂತಿರುವ ಈ ಜಾಗಕ್ಕೆ ಎಷ್ಟು ಕಡೆಯಿಂದ ಕಣ್ಣು ಬೀಳಬಹುದು? ಬಯಲಿನ ನಡುವೆ ನಿಂತಿದ್ದರೆ ನಾಲ್ಕೂ ದಿಕ್ಕಿನಿಂದ. ಮರದ ಹಿಂದೆ ನಿಂತರೆ ಒಂದು ದಿಕ್ಕು ಮುಚ್ಚಿತು. ದೊಡ್ಡ ಬಂಡೆಯ ಮೂಲೆಯಲ್ಲಿದ್ದರೆ ಎರಡು. ಕಬಡ್ಡಿಯಲ್ಲಿ ಒಳ್ಳೆಯ ರೈಡರ್ ಅಂಕಣದ ನಡುವಿಗೆ ನುಗ್ಗಿ ನಿಲ್ಲುವುದಿಲ್ಲ. ಒಂದು ಪಕ್ಕಕ್ಕೆ ಸರಿದು, ಏಳೂ ಜನ ಕಣ್ಣೆದುರೇ ಇರುವಂತೆ ಮೈ ತಿರುಗಿಸಿಕೊಂಡು ಆಡುತ್ತಾನೆ. ಇಲ್ಲಿಯೂ ಅದೇ. ಒಂದು ಹೊತ್ತಿಗೆ ಒಬ್ಬನಿಗೆ ಮಾತ್ರ ಕಾಣುವಂತೆ ನಿಂತರೆ, ನಾಲ್ಕು ಜನರ ತಂಡವನ್ನೂ ಒಬ್ಬೊಬ್ಬರಾಗಿ ಎದುರಿಸಬಹುದು. ನಾಲ್ವರೂ ಒಟ್ಟಿಗೆ ನೋಡಿದರೆ ಎಂಥಾ ಆಟಗಾರನೂ ಉಳಿಯುವುದು ಕಷ್ಟ.

ಈ ಆಟವನ್ನು ನಮ್ಮಲ್ಲಿ ಹೆಚ್ಚಿನವರು ಆಡುವುದು ಟಿಪಿಪಿಯಲ್ಲಿ. ಅಂದರೆ ಕ್ಯಾಮೆರಾ ನಿಮ್ಮ ಆಟಗಾರನ ಬೆನ್ನ ಹಿಂದೆ, ಬಲ ಭುಜದ ಮೇಲಿರುತ್ತದೆ. ಇದರಲ್ಲಿ ಒಂದು ದೊಡ್ಡ ಲಾಭ ಅಡಗಿದೆ. ನೀವು ಗೋಡೆಯ ಹಿಂದೆ ಪೂರ್ತಿ ಮರೆಯಾಗಿದ್ದರೂ ಕ್ಯಾಮೆರಾ ಗೋಡೆಯಾಚೆ ನೋಡುತ್ತದೆ. ಓಡಿ ಬರುತ್ತಿರುವವನು ನಿಮಗೆ ಕಾಣುತ್ತಾನೆ, ಅವನಿಗೆ ನಿಮ್ಮ ಕೂದಲೂ ಕಾಣುವುದಿಲ್ಲ. ಹಾಗಾಗಿ ಟಿಪಿಪಿಯಲ್ಲಿ ನುಗ್ಗುವವನಿಗಿಂತ ಕಾಯುವವನಿಗೆ ಅನುಕೂಲ ಜಾಸ್ತಿ. ಮನೆಯೊಳಗೆ ಯಾರೋ ಇದ್ದಾರೆ ಅಂತ ಗೊತ್ತಿದ್ದೂ ಮೆಟ್ಟಿಲು ಹತ್ತಿ ಓಡುವವರನ್ನು ನೋಡಿದರೆ ನನಗೆ ಅಯ್ಯೋ ಅನಿಸುತ್ತದೆ. ಮೇಲಿರುವವನು ನಿಮ್ಮನ್ನು ಮೊದಲ ಮೆಟ್ಟಿಲಿನಿಂದಲೇ ನೋಡುತ್ತಿರುತ್ತಾನೆ. ಅಂಥ ಕಡೆ ಕಾಲಿನ ಬದಲು ಗ್ರೆನೇಡ್ ಹೋಗಬೇಕು. ಪಿನ್ ಕಿತ್ತ ಮೇಲೆ ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಂಡು, ಪರದೆಯ ಮೇಲಿನ ಎಣಿಕೆ ನೋಡಿಕೊಂಡು ಎಸೆಯಿರಿ. ಕೂಡಲೇ ಎಸೆದರೆ ಅವನಿಗೆ ಓಡಲು ಬೇಕಾದಷ್ಟು ಸಮಯ ಸಿಗುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಕ್ಯಾಮೆರಾ ಬಲ ಭುಜದ ಮೇಲೆ ಇರುವುದರಿಂದ ಗೋಡೆಯ, ಮರದ ಬಲಗಡೆಯಿಂದ ಇಣುಕುವುದೇ ಲೇಸು. ಎಡಗಡೆಯಿಂದ ಇಣುಕಬೇಕಾದರೆ ಮೈ ಜಾಸ್ತಿ ಹೊರಗೆ ಬರುತ್ತದೆ. ಎಡಕ್ಕೇ ಹೋಗಬೇಕಾಗಿ ಬಂದರೆ ಪೀಕ್ ಬಟನ್ ಒತ್ತಿ ಓರೆಯಾಗಿ. ಈ ಬಟನ್ ಸೆಟ್ಟಿಂಗ್ಸಿನಲ್ಲಿ ಇದೆ, ಆನ್ ಮಾಡಿಕೊಳ್ಳದೇ ವರ್ಷಗಟ್ಟಲೆ ಆಡುವವರೂ ಇದ್ದಾರೆ. ಒಂದು ಸಲ ಇಣುಕಿ ಹೊಡೆದ ಜಾಗದಿಂದಲೇ ಮತ್ತೆ ಇಣುಕಬೇಡಿ. ಎದುರಿನವನ ಗುರಿಯ ಕೆಂಪು ಚುಕ್ಕೆ ಈಗ ಅಲ್ಲೇ ಕಾದಿರುತ್ತದೆ. ಕೂತು ಇಣುಕಿದ್ದರೆ ಈ ಸಲ ನಿಂತು, ಇಲ್ಲವೇ ಬಂಡೆಯ ಇನ್ನೊಂದು ತುದಿಯಿಂದ.

ಕಾದಿರುವ ಆ ಚುಕ್ಕೆಯ ವಿಷಯಕ್ಕೆ ಹಳಬರದೊಂದು ಪಾಠವಿದೆ. ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಗಂಟೆ ಲೆಕ್ಕಕ್ಕೆ ದುಡ್ಡು ಕೊಟ್ಟು ಕೌಂಟರ್ ಸ್ಟ್ರೈಕ್ ಆಡುತ್ತಿದ್ದವರು ನೆನಪಿದ್ದಾರಾ? 1999ರಲ್ಲಿ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬಿಬ್ಬರು ಇನ್ನೊಂದು ಆಟದ ಮೇಲೆ ಕಟ್ಟಿದ ಆಟ ಅದು. ಅದರಲ್ಲಿ ಪಳಗಿದವರು ನಡೆಯುವಾಗ ನೆಲ ನೋಡುವುದಿಲ್ಲ. ಮೂಲೆ ಬಂತೆಂದರೆ ಅಲ್ಲಿ ಮನುಷ್ಯನ ತಲೆ ಎಷ್ಟು ಎತ್ತರಕ್ಕೆ ಬರುತ್ತದೋ ಆ ಎತ್ತರದಲ್ಲಿ ಗುರಿ ಇಟ್ಟುಕೊಂಡೇ ತಿರುಗುತ್ತಾರೆ. ಶತ್ರು ಕಂಡ ಮೇಲೆ ಗುರಿಯನ್ನು ಎಳೆದು ತರುವ ಕೆಲಸವೇ ಇರುವುದಿಲ್ಲ. ಬೆರಳು ಚುರುಕಿಲ್ಲ ಅಂತ ಕೊರಗುವವರಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಬಿಜಿಎಂಐಯಲ್ಲೂ ಅದು ಹಾಗೇ ನಡೆಯುತ್ತದೆ.

ಇನ್ನು ನಕ್ಷೆ. ಎರಾಂಗೆಲ್ ಅನ್ನೇ ತೆಗೆದುಕೊಳ್ಳೋಣ. 8 ಕಿ.ಮೀ. ಉದ್ದ, 8 ಕಿ.ಮೀ. ಅಗಲ. ನಡುವಿನಲ್ಲಿ ಪೊಚಿಂಕಿ ಎಂಬ ಊರು. ಎಲ್ಲರೂ ಅಲ್ಲಿಗೇ ಹಾರುತ್ತಾರೆ. ಬಂದೂಕಿನ ಕಾದಾಟ ಕಲಿಯಬೇಕಾದರೆ ಪೊಚಿಂಕಿ ಒಳ್ಳೆಯ ಶಾಲೆ, ನಾನು ಬೇಡ ಅನ್ನುವುದಿಲ್ಲ. ಆದರೆ ರ‍್ಯಾಂಕ್ ಏರಬೇಕಾದರೆ ಕೊನೆಯ ತನಕ ಬದುಕಿರುವುದೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಪಕ್ಕದ ಚಿಕ್ಕ ಜಾಗ ವಾಸಿ. ಗಟ್ಕಾ ಆಗಬಹುದು, ರೋಝೋಕ್ ಆಗಬಹುದು, ವಿಮಾನ ಯಾವ ದಾರಿಯಲ್ಲಿ ಹೋಗುತ್ತಿದೆ ನೋಡಿ. ಕೆಳಗಿನ ಟಿಯರುಗಳಲ್ಲಿ, ಅಂದರೆ ಕೆಳಗಿನ ರ‍್ಯಾಂಕುಗಳಲ್ಲಿ, ಇನ್ನೊಂದು ಮೋಸ ಇದೆ. ನೀವು ಹೊಡೆದುರುಳಿಸಿದ ಹತ್ತು ಜನರಲ್ಲಿ ಎಷ್ಟೋ ಜನ ಮನುಷ್ಯರೇ ಅಲ್ಲ, ಕಂಪ್ಯೂಟರ್ ಆಡಿಸುವ ಬಾಟ್‌ಗಳು. ಆ ಲೆಕ್ಕ ನೋಡಿ ಹಿಗ್ಗಬೇಡಿ.

ದಕ್ಷಿಣಕ್ಕೆ ಸೋಸ್ನೊವ್ಕಾ ಮಿಲಿಟರಿ ಬೇಸ್. ಅದೊಂದು ದ್ವೀಪ. ಒಳ್ಳೊಳ್ಳೆಯ ಬಂದೂಕು ಸಿಗುತ್ತವೆ, ಹಾಗಾಗಿ ಹುಡುಗರಿಗೆ ಪ್ರೀತಿ ಜಾಸ್ತಿ. ಆದರೆ ಮುಖ್ಯ ಭೂಮಿಗೆ ಹೋಗಲು ಇರುವುದು ಎರಡೇ ಸೇತುವೆ. ಮುಂದೆ ಆಡುವ ಜಾಗ ತೋರಿಸುವ ಬಿಳಿ ವೃತ್ತ ಉತ್ತರಕ್ಕೆ ಬಿತ್ತೋ, ಬೇಸಿನಲ್ಲಿ ಇದ್ದವರೆಲ್ಲ ಅವೆರಡರ ಮೇಲೆಯೇ ಬರಬೇಕು. ಆಚೆ ತುದಿಯಲ್ಲಿ ಒಂದು ತಂಡ ಜೀಪು ಅಡ್ಡ ನಿಲ್ಲಿಸಿಕೊಂಡು ಆರಾಮಾಗಿ ಕಾಯುತ್ತಿರುತ್ತದೆ. ಸೇತುವೆಯ ಮೇಲೆ ಅಡಗಲು ಜಾಗ ಕಡಿಮೆ, ಹಿಂದೆ ಝೋನ್, ಎರಡೂ ಕಡೆ ನೀರು. ಇಲ್ಲಿ ಏನು ಮಾಡಬೇಕು? ನಿಜ ಹೇಳಬೇಕೆಂದರೆ, ಸೇತುವೆಗೆ ಬಂದ ಮೇಲೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಮೊದಲ ವೃತ್ತ ಕಂಡ ಕೂಡಲೇ, ಇನ್ನೊಂದು ಮನೆ ಲೂಟ್ ಮಾಡೋಣ ಅನ್ನುವ ಆಸೆ ಬಿಟ್ಟು, ಯಾರೂ ಬಂದು ಕೂರುವ ಮೊದಲೇ ದಾಟಬೇಕು. ತಡವಾದರೆ ದೋಣಿ ಹುಡುಕಿ. ಅದೂ ಇಲ್ಲದಿದ್ದರೆ ದಡದ ಪಕ್ಕದಲ್ಲಿ ಈಜಿ.

ಇದೇ ಲೆಕ್ಕ ಉಳಿದ ಪ್ರಯಾಣಕ್ಕೂ ಸಲ್ಲುತ್ತದೆ. ಮೊದಲ ಝೋನುಗಳ ಏಟು ಹಗುರ, ಸ್ವಲ್ಪ ಹೊತ್ತು ತಡೆದುಕೊಳ್ಳಬಹುದು. ಬರುಬರುತ್ತಾ ಅದು ಮನುಷ್ಯರಿಗಿಂತ ಬೇಗ ಕೊಲ್ಲುತ್ತದೆ. ಹಾಗಂತ ಎಲ್ಲರಿಗಿಂತ ಮೊದಲು ವೃತ್ತದ ನಟ್ಟನಡುವೆ ಹೋಗಿ ಕೂತರೆ ಸುತ್ತಲೂ ಬರುವವರಿಗೆಲ್ಲ ನೀವೇ ಗುರಿ. ನನಗೆ ಇಷ್ಟವಾದದ್ದು ವೃತ್ತದ ಅಂಚು. ಬೆನ್ನಿಗೆ ಝೋನ್ ಇದ್ದರೆ ಆ ಕಡೆಯಿಂದ ಬರುವವರು ಕಡಿಮೆ, ಕಣ್ಣು ಇಡಬೇಕಾದ ದಿಕ್ಕುಗಳು ಅರ್ಧಕ್ಕರ್ಧ ಇಳಿದವು. ಇದಕ್ಕೊಂದು ಬೆಲೆ ಇದೆ. ಮುಂದಿನ ವೃತ್ತ ಎದುರು ತುದಿಗೆ ಬಿದ್ದರೆ ಬಯಲು ದಾಟಿ ಓಡಬೇಕು. ಅದಕ್ಕಾಗಿ ವಾಹನ ಇಟ್ಟುಕೊಳ್ಳಿ, ಸ್ಮೋಕ್, ಅಂದರೆ ಹೊಗೆಯ ಗ್ರೆನೇಡ್, ಇಟ್ಟುಕೊಳ್ಳಿ.

ಸ್ಮೋಕ್ ವಿಷಯದಲ್ಲಿ ನಮ್ಮವರು ಬಹಳ ಜುಗ್ಗರು. ಬ್ಯಾಗಿನ ತುಂಬಾ ಗುಂಡು ತುಂಬಿಕೊಳ್ಳುತ್ತಾರೆ, ಎರಡು ಸ್ಮೋಕ್‌ಗೆ ಜಾಗ ಇಲ್ಲ ಅನ್ನುತ್ತಾರೆ. ಬಯಲಿನಲ್ಲಿ ಗೋಡೆ ಬೇಕೆಂದರೆ ಸಿಗುವುದು ಅದೊಂದೇ. ಜೊತೆಗಾರ ನಾಕ್ ಆಗಿ, ಅಂದರೆ ಪೂರ್ತಿ ಸಾಯದೆ, ಬಿದ್ದಿದ್ದರೆ ಅವನ ಹತ್ತಿರ ಓಡಿಹೋಗಿ ಕೂರುವುದಲ್ಲ. ಹೊಡೆದವನು ಹೊಡೆದ ಜಾಗದಿಂದ ಕದಲಿರುವುದಿಲ್ಲ, ನೀವು ಬರಲಿ ಅಂತಲೇ ಕಾಯುತ್ತಿರುತ್ತಾನೆ. ಮೊದಲು ಸ್ಮೋಕ್ ಎಸೆಯಿರಿ, ಅದು ಪೂರ್ತಿ ಅರಳಲಿ, ಬಿದ್ದವನು ತೆವಳಿಕೊಂಡು ಮರೆಗೆ ಬರಲಿ, ಆಮೇಲೆ ರಿವೈವ್, ಅಂದರೆ ಮತ್ತೆ ಎಬ್ಬಿಸುವುದು. ಬಿದ್ದವನ ಸುತ್ತ ಮಾತ್ರ ಹೊಗೆ ಹಾಕಿದರೆ ಹೊಗೆಯೊಳಕ್ಕೇ ಗುಂಡು ಸುರಿಯುತ್ತಾರೆ. ಹೊಡೆಯುವವನಿಗೂ ನಿಮಗೂ ನಡುವೆ ಇನ್ನೊಂದು ಹಾಕಿದರೆ ಎಲ್ಲಿಗೆ ಹೊಡೆಯಬೇಕೆಂದೇ ಅವನಿಗೆ ತಿಳಿಯುವುದಿಲ್ಲ.

ಕಿವಿಯ ಬಗ್ಗೆ ಚಿಕ್ಕದಾಗಿ. ಮೊಬೈಲಿನಲ್ಲಿ ಹೆಜ್ಜೆ ಸದ್ದು ಸಣ್ಣ ನಕ್ಷೆಯ ಮೇಲೂ ಗುರುತಾಗಿ ಕಾಣುತ್ತದೆ. ಅದನ್ನೇ ನಂಬಿಕೊಂಡು ಸ್ಪೀಕರಿನಲ್ಲಿ ಆಡುತ್ತಾರೆ. ಸದ್ದು ಮೇಲಿನ ಮಹಡಿಯದೋ ಕೆಳಗಿನದೋ ಅಂತ ಬಿಡಿಸಿ ಹೇಳುವುದು ಕಿವಿಯೇ. ಕಡಿಮೆ ಬೆಲೆಯ ವೈರಿನ ಇಯರ್‌ಫೋನ್ ಸಾಕು. ಬ್ಲೂಟೂತಿನಲ್ಲಿ ಸದ್ದು ಸ್ವಲ್ಪ ತಡವಾಗಿ ಬರಬಹುದು.

ನಾಲ್ಕು ಜನರ ತಂಡಕ್ಕೆ ಎಂಟು ಕಣ್ಣು. ಆದರೆ ಕಂಡದ್ದನ್ನು ಹೇಳಲು ಬಾರದಿದ್ದರೆ ಎಂಟಿದ್ದೂ ಎರಡೇ. "ಮಗಾ, ಅಲ್ಲಿ ಅಲ್ಲಿ! ಹೊಡಿಯೋ, ಹೊಡಿಯೋ!" ಇದು ನಮ್ಮ ವಾಯ್ಸ್ ಚಾಟ್. ಅಲ್ಲಿ ಅಂದರೆ ಎಲ್ಲಿ? ಪರದೆಯ ಮೇಲ್ತುದಿಯಲ್ಲಿ ದಿಕ್ಸೂಚಿ ಇದೆ, ಅಂಕಿ ಸಮೇತ. "285, ಹಳದಿ ಮನೆ, ಮೇಲಿನ ಕಿಟಕಿ, ಒಬ್ಬ" ಅಂದರೆ ಮುಗಿಯಿತು. ಮಾರ್ಕರ್ ಹಾಕಿದರೆ ಇನ್ನೂ ಒಳ್ಳೆಯದು. ದೊಡ್ಡ ತಂಡಗಳಲ್ಲಿ ಐಜಿಎಲ್, ಅಂದರೆ ಇನ್-ಗೇಮ್ ಲೀಡರ್, ಅಂತ ಒಬ್ಬ ಇರುತ್ತಾನೆ. ಯಾವ ಕಡೆ ಹೋಗಬೇಕು, ಯಾವ ಜಗಳ ಬೇಡ ಅಂತ ತೀರ್ಮಾನ ಮಾಡುವವನು. ಗೆಳೆಯರ ತಂಡದಲ್ಲೂ ಒಬ್ಬ ಇರಲಿ. ಅವನೇ ಚೆನ್ನಾಗಿ ಹೊಡೆಯುವವನು ಆಗಬೇಕೆಂದಿಲ್ಲ, ತಲೆ ತಣ್ಣಗಿದ್ದರೆ ಸಾಕು. ಅವನು ತಪ್ಪು ಕಡೆಗೆ ಕರೆದರೂ ನಾಲ್ವರೂ ಅತ್ತಲೇ ಹೋಗುವುದು, ನಾಲ್ಕು ದಿಕ್ಕಿಗೆ ಚದುರುವುದಕ್ಕಿಂತ ಮೇಲು.

ಸತ್ತ ಮೇಲೆ ಲಾಬಿಗೆ ಓಡಬೇಡಿ. ಡೆತ್ ರೀಪ್ಲೇ ನೋಡಿ. ಹೊಡೆದವನ ಕಣ್ಣಿನಿಂದ ನೀವು ಹೇಗೆ ಕಾಣುತ್ತಿದ್ದಿರಿ ಅಂತ ಅದರಲ್ಲಿ ಗೊತ್ತಾಗುತ್ತದೆ. ಹುಲ್ಲಿನಲ್ಲಿ ಮಲಗಿ ಮರೆಯಾದೆ ಅಂದುಕೊಂಡವರಿಗಂತೂ ಅದೊಂದು ಆಘಾತ. ದೂರದ ಹುಲ್ಲನ್ನು ಆಟ ಚಿತ್ರಿಸುವುದೇ ಇಲ್ಲ. ಹತ್ತಿರದವನಿಗೆ ನೀವು ಕಾಣದಿರಬಹುದು, ಗುಡ್ಡದ ಮೇಲಿನವನಿಗೆ ಬೋಳು ನೆಲದ ಮೇಲೆ ಮಲಗಿದ ಹಾಗೆ ಕಾಣುತ್ತೀರಿ. 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಇದೆ. ಅಪ್ಪನ ನಂಬರಿನಲ್ಲಿ ಲಾಗಿನ್ ಆಗುವ ಉಪಾಯ ನಾನು ಕೇಳಿಲ್ಲ ಅಂದುಕೊಳ್ಳಿ. ಸಿಕ್ಕ ಸಮಯದಲ್ಲಿ ಮೊದಲು ಒಂದೆರಡು ಟಿಡಿಎಂ, ಅಂದರೆ ಟೀಮ್ ಡೆತ್‌ಮ್ಯಾಚ್, ಆಡಿ ಕೈ ಬಿಸಿ ಮಾಡಿಕೊಂಡು, ಆಮೇಲೆ ರ‍್ಯಾಂಕ್ ಮ್ಯಾಚಿಗೆ ಹೋಗುವುದು ಒಳ್ಳೆಯದು.

ಉಳಿದದ್ದು ಕೊನೆಯ ವೃತ್ತ. ಅಲ್ಲಿಗೆ ಬರುವ ಮೊದಲೇ ಎನರ್ಜಿ ಡ್ರಿಂಕ್, ಪೇನ್‌ಕಿಲ್ಲರ್ ಕುಡಿದು ಬೂಸ್ಟ್ ಪಟ್ಟಿ ತುಂಬಿಸಿಕೊಂಡಿರಿ. ಫಸ್ಟ್ ಏಡ್ ಜೀವವನ್ನು 75ರ ತನಕ ಮಾತ್ರ ಏರಿಸುತ್ತದೆ, ಉಳಿದದ್ದನ್ನು ನಿಧಾನವಾಗಿ ತುಂಬುವುದು ಬೂಸ್ಟ್. ಈಗ ಮೂರು ತಂಡ ಉಳಿದಿವೆ ಅಂದುಕೊಳ್ಳಿ. ನಿಮ್ಮ ಎದುರಿಗೇ ಒಬ್ಬನ ಬೆನ್ನು ಕಾಣುತ್ತಿದೆ. ಕೈ ತುರಿಸುತ್ತದೆ ಅಲ್ವಾ? ಹೊಡೆದರೆ ಅವನು ಬೀಳಬಹುದು, ಆದರೆ ಆ ಸದ್ದಿನಿಂದ ಮೂರನೆಯ ತಂಡಕ್ಕೆ ನಿಮ್ಮ ಜಾಗ ಗೊತ್ತಾಗುತ್ತದೆ. ಕಾಯಿರಿ. ವೃತ್ತ ಕುಗ್ಗುತ್ತಿದೆ, ಅವರಿಬ್ಬರೂ ಕದಲಲೇಬೇಕು. ಅವರಲ್ಲೇ ಗುಂಡು ಶುರುವಾದ ಮೇಲೆ, ಒಂದು ಕಡೆಯವನು ಬಿದ್ದ ಸೂಚನೆ ಪರದೆಯ ಮೇಲೆ ಬಂದ ಕೂಡಲೇ, ಗೆದ್ದವನು ಮ್ಯಾಗಜೀನ್ ಬದಲಿಸುವ ಅಥವಾ ಬ್ಯಾಂಡೇಜ್ ಕಟ್ಟಿಕೊಳ್ಳುವ ಒಂದೆರಡು ಸೆಕೆಂಡು ಸಿಗುತ್ತದೆ. ಆಗ ಎದ್ದು, ಬಲಗಡೆಯಿಂದ ಇಣುಕಿ ಹೊಡೆಯಿರಿ.

ನಮಸ್ಕಾರ.